ಕುಂಬಾರ ಹುಳದ ಇಪ್ಪತ್ತೆರಡು ದಿನ

ಇಪ್ಪತ್ತಕ್ಕೆ ನಾಲ್ಕು!

ಪ್ರಾಜೆಕ್ಟ್ ಪುಸ್ತಕದ ಮೇಲಿನ ಕೆಂಪು ಶಾಯಿ ನೋಡಿದ್ದೇ ತಡ, ವಿಶಾಲಾಕ್ಷಿಗೆ ಮೈಯೆಲ್ಲ ಉರಿದುಹೋಯಿತು.

ಆರನೇ ಕ್ಲಾಸಿನ ಮಗಳು ಇಂಚರ ತಲೆ ತಗ್ಗಿಸಿ ನಿಂತಿದ್ದಳು. "ಇನ್ಮೇಲೆ ನಾನೂ ಎಲ್ರ ಥರ ಅಂಗಡಿ ಚಾರ್ಟೇ ಅಂಟಿಸ್ತೀನಿ ಅಮ್ಮ... ಏನನ್ನೂ ನೋಡ್ತಾ ಕೂರಲ್ಲ."

ಊಟಕ್ಕೆ ಕರೆದರೂ ಕಿಟಕಿ ಬಿಟ್ಟು ಏಳದ ಹುಡುಗಿ ಆಡುವ ಮಾತೇ ಇದು? ವಿಶಾಲಾಕ್ಷಿಗೆ ರಾತ್ರಿಯಿಡೀ ಅದೇ ಚುಚ್ಚುತ್ತಿತ್ತು...

ಬೆಳಗಾಗುತ್ತಲೇ ಮಗಳ ಕೈ ಹಿಡಿದುಕೊಂಡು ಶಾಲೆಯ ಸ್ಟಾಫ್ ರೂಮಿಗೆ ನುಗ್ಗಿದಳು.

ಪ್ರಾಜೆಕ್ಟಿನ ವಿಷಯ 'ನಮ್ಮ ಸುತ್ತಲಿನ ಜೀವಿಗಳು'. ವಿಜ್ಞಾನದ ಟೀಚರ್ ಶಶಿರೇಖಾ ಅವರ ಮೇಜಿನ ತುಂಬ ಮಕ್ಕಳ ಪುಸ್ತಕಗಳು. ಎಲ್ಲ ಒಂದೇ ಅಚ್ಚು... ಶಾಲೆ ಎದುರಿನ ಅಂಗಡಿಯ ಚಾರ್ಟ್ ಕತ್ತರಿಸಿ, ಗೋಂದು ಹಚ್ಚಿ, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್ ಎಳೆದದ್ದು. ಸಿಂಹ, ಜಿರಾಫೆ, ಪೆಂಗ್ವಿನ್!

"ಮಿಸ್, ನಮ್ಮ ತುಮಕೂರಲ್ಲಿ ಪೆಂಗ್ವಿನ್ ಯಾವ ಬೀದೀಲಿ ಓಡಾಡುತ್ತೆ? ಸ್ವಲ್ಪ ಅಡ್ರೆಸ್ ಕೊಡಿ, ನಾವೂ ನೋಡ್ಕೊಂಡು ಬರ್ತೀವಿ."

ಪಕ್ಕದ ಮೇಜಿನವರು ಕಿಸಕ್ಕೆಂದರು.

ಶಶಿರೇಖಾ ಮುಖ ಕೆಂಪಾಯಿತು. "ಹಾಗಲ್ಲ ಮೇಡಂ... ಚಿತ್ರ ಇಲ್ದೇ ಮಾರ್ಕ್ಸ್ ಕೊಡೋ ಹಾಗಿಲ್ಲ. ಎಲ್ರಿಗೂ ಒಂದೇ ರೂಲು. ನಿಮ್ಮ ಮಗಳದ್ದು ಬರೀ ಬರವಣಿಗೆ, ಅದೂ ಚಿತ್ತು ಕಾಟು."

"ಅದನ್ನ ಓದಿದ್ರಾ?"

"ಅರವತ್ತು ಪುಸ್ತಕ ಮೇಡಂ..."

"ಓದದೇ ನಾಲ್ಕು ಹಾಕಿದ್ರಾ! ಕಣ್ಣಾರೆ ನೋಡಿ ಬರೆದ ಮಗೂಗೆ ನಾಲ್ಕು, ಅಂಗಡಿ ಪೆಂಗ್ವಿನ್‌ಗೆ ಹದಿನೆಂಟು! ಯಾವೂರ ನ್ಯಾಯ ರೀ ಇದು? ಈಗ ಓದಿ. ನನ್ನೆದುರಿಗೇ, ಗಟ್ಟಿಯಾಗಿ ಓದಿ!"

"ಬೇಡ ಅಮ್ಮ..." ಇಂಚರ ಸೆರಗು ಜಗ್ಗಿದಳು.

"ಸುಮ್ನಿರು ನೀನು. ಯಾರಿಗೂ ಹೆದರ್ಬೇಡ. ನಾನಿದ್ದೀನಿ."

ಶಶಿರೇಖಾ ಪುಸ್ತಕ ತೆರೆದು ಓದತೊಡಗಿದರು.

"ಮೊದಲನೇ ದಿನ. ನಮ್ಮ ಕಿಟಕಿಯ ಮೂಲೆಯಲ್ಲಿ ಕುಂಬಾರ ಹುಳ ಗೂಡು ಕಟ್ಟಲು ಶುರು ಮಾಡಿತು. ಮನೆಗೆ ಮಗು ಬರುತ್ತೆ ಅಂತ ಅಜ್ಜಿ ಹೇಳಿದಳು.

"ಎರಡನೇ ದಿನ. ಒಂದು ಗಂಟೆಯಲ್ಲಿ ಹನ್ನೊಂದು ಸಲ ಮಣ್ಣು ತಂದಿತು. ನಲ್ಲಿ ಕೆಳಗಿನ ಮಣ್ಣೇ ಬೇಕು ಅದಕ್ಕೆ. ನಾನು ಕುಂಡದ ಮಣ್ಣು ಕಲಸಿಟ್ಟೆ, ಮೂಸಿಯೂ ನೋಡಲಿಲ್ಲ.

"ನಾಲ್ಕನೇ ದಿನ. ಒಂದು ಹಸಿರು ಹುಳ ತಂದು ಗೂಡಿನೊಳಗೆ ತುರುಕಿತು. ಹಸಿರು ಹುಳ ಸತ್ತಿರಲಿಲ್ಲ, ಚೂರು ಅಲುಗುತ್ತಿತ್ತು. ಆಮೇಲೆ ಗೂಡಿನ ಬಾಯಿ ಮುಚ್ಚಿ ಹೋಯಿತು. ಮರಿಗೆ ಊಟ ಇಟ್ಟು ಹೋಗಿರಬೇಕು. ನನಗೆ ಗೊತ್ತಿಲ್ಲ. ಕಾಯುತ್ತೇನೆ."

ಓದುತ್ತ ಓದುತ್ತ ಟೀಚರ್ ದನಿ ಮೆತ್ತಗಾಯಿತು. ರೂಮಿನಲ್ಲಿದ್ದವರೆಲ್ಲ ಕೆಲಸ ಬಿಟ್ಟು ಕಿವಿಗೊಟ್ಟಿದ್ದರು.

"ಕೇಳಿದ್ರಾ? ನಿಮ್ಮ ಯಾವ ಚಾರ್ಟಲ್ಲಿದೆ ಇದು?" ವಿಶಾಲಾಕ್ಷಿ ಹೆಮ್ಮೆಯಿಂದ ತಲೆ ಎತ್ತಿದಳು.

ಶಶಿರೇಖಾ ಕೊನೆಯ ಪುಟ ತಿರುವಿದವರು... ತಟ್ಟನೆ ನಿಲ್ಲಿಸಿದರು.

"ಯಾಕೆ? ಪೂರ್ತಿ ಓದಿ!"

"ಇಷ್ಟು ಸಾಕು ಮೇಡಂ..."

"ಓದ್ರೀ!"

"ಇಪ್ಪತ್ತೆರಡನೇ ದಿನ. ಗೌರಿ ಹಬ್ಬಕ್ಕೆ ಅಮ್ಮ ಮನೆ ಧೂಳು ಹೊಡೆದಳು. ಗೂಡನ್ನೂ ಪೊರಕೆಯಲ್ಲಿ ಕೆಡವಿದಳು. ಬೇಡ ಬೇಡ ಅಂದೆ. ಈ ಗಲೀಜು ನೋಡ್ತಾ ಕೂರೋ ಬದಲು ಓದ್ಕೋ ಹೋಗು ಅಂದಳು. ಒಡೆದ ಗೂಡಲ್ಲಿ ಮರಿ ಇತ್ತು. ರೆಕ್ಕೆ ಬಂದಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಹಾರುತ್ತಿತ್ತೇನೋ. ಪ್ರಾಜೆಕ್ಟ್ ಮುಗಿಯಿತು."

ಶಶಿರೇಖಾ ಪುಸ್ತಕ ಕೆಳಗಿಟ್ಟರು.

ಮಗಳ ಕೆಮ್ಮು, ಟಿಫನ್ ಡಬ್ಬಿ, ಹೋಂವರ್ಕ್... ಎಲ್ಲದರ ಮೇಲೂ ಹದ್ದಿನ ಕಣ್ಣಿಟ್ಟ ತಾಯಿ ವಿಶಾಲಾಕ್ಷಿ. ಆದರೆ ಆ ಪುಸ್ತಕದಲ್ಲಿ ಅವಳೂ ನೋಡಿದ್ದು ಮಾರ್ಕ್ಸ್ ಮಾತ್ರ. ಒಳಗಿನ ಒಂದು ಸಾಲನ್ನೂ ಅವಳು ಓದಿರಲಿಲ್ಲ.

ಶಶಿರೇಖಾ ಮೆಲ್ಲನೆ ಪೆನ್ನು ಎತ್ತಿಕೊಂಡರು. "ತಪ್ಪು ನಂದು ಮೇಡಂ... ತಿದ್ತೀನಿ."

"ತಿದ್ದಿ ಮಿಸ್." ವಿಶಾಲಾಕ್ಷಿ ಪುಸ್ತಕವನ್ನು ಅವರತ್ತ ಸರಿಸಿದಳು. "ಪಕ್ಕದಲ್ಲೇ ನನಗೊಂದು ಸೊನ್ನೆ ಹಾಕಿ."

ಇಂಚರ ಮಾತ್ರ ಮುಖ ಎತ್ತಲಿಲ್ಲ. ಮಾರ್ಕ್ಸ್ ಕೇಳಿಕೊಂಡು ಬಂದವಳೇ ಅಲ್ಲ ಅವಳು...

ಹೊರಗೆ ಕಾಂಪೌಂಡ್ ಗೋಡೆಯ ಬುಡದಲ್ಲಿ ಇರುವೆಗಳ ಸಾಲು. ವಿಶಾಲಾಕ್ಷಿ ಇಸ್ತ್ರಿ ಸೀರೆಯಲ್ಲೇ ನೆಲಕ್ಕೆ ಕುಕ್ಕರಿಸಿದಳು.

"ಇವೆಲ್ಲ ಎಲ್ಲಿಗೆ ಹೊರಟಿವೆ ಪುಟ್ಟಿ?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ..."

ಬೆಲ್ ಹೊಡೆಯಿತು. ಮಕ್ಕಳೆಲ್ಲ ಒಳಗೆ ಓಡಿದರು. ವಿಶಾಲಾಕ್ಷಿ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಪಕ್ಕದಲ್ಲಿ ಎರಡು ಪುಟ್ಟ ಮಂಡಿಗಳು ಮಣ್ಣಿಗೂರಿದವು.

"ಅಮ್ಮ... ಆಚೆ ಸರಿ. ನಿನ್ನ ನೆರಳು ಬೀಳ್ತಿದೆ, ಅವು ದಾರಿ ತಪ್ತಿವೆ."

ವಿಶಾಲಾಕ್ಷಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

*

ಮಗುವಿನ ಕುತೂಹಲವನ್ನು ಕಸದ ಜೊತೆ ಗುಡಿಸಿ ಹಾಕಿದರೆ, ಮುಂದೆ ಯಾವ ಶಾಲೆಯೂ ಅದನ್ನು ಮರಳಿ ಕೊಡಲಾರದು.

ನಿಮ್ಮ ಮಗು ಇವತ್ತು ಏನನ್ನು ನೋಡುತ್ತ ಕೂತಿತ್ತು... ನೀವು ಪಕ್ಕದಲ್ಲಿ ಕೂತು ಕೇಳಿದಿರಾ?