ಮರಾಠಿಯಲ್ಲಿ ಮೂರು ನಿಮಿಷ

“ಒಬ್ಬರಿಗೆ ಮೂರೇ ನಿಮಿಷ. ಯಾರ ಹೆಸರನ್ನೂ ಎತ್ತುವಂತಿಲ್ಲ. ಮಾತು ಮರಾಠಿಯಲ್ಲೇ ಇರಬೇಕು,” ಅಧ್ಯಕ್ಷರು ಎರಡನೇ ಸಲ ಹೇಳಿದರು. “ಬಾರದವರ ಪರವಾಗಿ ಬೇರೊಬ್ಬರು ಅನುವಾದಿಸಬಹುದು.”

ಮೈಕಿನ ಮುಂದೆ ನಿಂತ ಅವ್ವಮ್ಮನಿಗೆ ಮರಾಠಿ ಬಾರದು. ಯಾದಗಿರಿ ಕಡೆಯಿಂದ ಪುಣೆಯ ಖರಾಡಿಗೆ ಕೂಲಿಗೆ ಬಂದವಳು. ಹೋದ ತಿಂಗಳು ಅವಳ ಗಂಡ ಮಾಂತು, ಚರಂಡಿಯ ಗುಂಡಿಗೆ ಇಳಿದವನು, ಹೆಣವಾಗಿ ಮೇಲೆ ಬಂದಿದ್ದ. ಆ ಚರಂಡಿ ಕೆಲಸದ ಗುತ್ತಿಗೆಯನ್ನು ಮುಂದುವರಿಸಬೇಕೇ ಬೇಡವೇ ಎಂಬುದೇ ವಾರ್ಡ್ ಸಭೆಯ ಮುಂದಿದ್ದ ಪ್ರಶ್ನೆ.

“ನಾನು ಹೇಳುತ್ತೇನೆ,” ಎಂದಳು ಪಕ್ಕದಲ್ಲಿದ್ದ ಸುಮಂಗಲಾ. ಧಾರವಾಡದವಳು, ಪುಣೆಗೆ ಬಂದು ವರ್ಷಗಳಾಗಿದ್ದವು. ಸಭೆಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ.

ಹಿಂದಿನ ಸಾಲಿನಲ್ಲಿ ಗುತ್ತಿಗೆದಾರ ಮಧುಕರ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ. ಮುಖದಲ್ಲಿ ಅಳುಕೇ ಇರಲಿಲ್ಲ. ಅವ್ವಮ್ಮ ಮತ್ತು ಅವಳ ಇಬ್ಬರು ಮಕ್ಕಳ ವಾಸ ಈಗಲೂ ಅವನ ಶೆಡ್ಡಿನಲ್ಲೇ.

ಅವ್ವಮ್ಮ ನೆಲ ನೋಡುತ್ತ, ತಡವರಿಸುತ್ತ ನಾಲ್ಕು ಮಾತಾಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸುಮಂಗಲಾ ಮೈಕು ಹಿಡಿದಳು. ಮರಾಠಿಯಲ್ಲಿ ಹೇಳತೊಡಗಿದಳು.

“ಹಗ್ಗ ಕೊಡಲಿಲ್ಲ. ಮಾಸ್ಕ್ ಕೊಡಲಿಲ್ಲ. ಒಳಗೆ ವಿಷಗಾಳಿ ಇದೆ ಎಂದು ಕೂಲಿಗಳ ಮೇಲ್ವಿಚಾರಕ ಮುಕಾದಮ ಫೋನ್ ಮಾಡಿದ. ಗುತ್ತಿಗೆದಾರರು ಊಟದ ತಟ್ಟೆಯ ಮುಂದೆ ಕೂತೇ ಗದರಿದರು: ‘ಇಳಿಸು ಅವನನ್ನ. ಸಂಜೆಯೊಳಗೆ ಕೆಲಸ ಮುಗಿಯಬೇಕು.’”

ಮಧುಕರ ದಡಕ್ಕನೆ ಎದ್ದ. “ಸುಳ್ಳು! ಆಕೆ ಹಾಗೆ ಹೇಳಿಯೇ ಇಲ್ಲ!”

“ನಿಮಗೆ ಕನ್ನಡ ಬರುತ್ತದೆಯೇ?” ಅಧ್ಯಕ್ಷರು ಕೇಳಿದರು.

ಮಧುಕರನ ಕಣ್ಣು ಅವ್ವಮ್ಮನ ಮೇಲಿರಲಿಲ್ಲ, ಸುಮಂಗಲಾಳ ಮೇಲಿತ್ತು.

ಗುತ್ತಿಗೆಯನ್ನು ತಡೆಹಿಡಿದು, ಪೊಲೀಸ್ ತನಿಖೆ ಕೇಳಲು ಸಭೆ ತೀರ್ಮಾನಿಸಿತು.

ಹೊರಗೆ ಸುಮಂಗಲಾ ಅವ್ವಮ್ಮನ ಕೈ ಹಿಡಿದು, ಬಾಗಿಲಲ್ಲಿ ಕಾಯುತ್ತಿದ್ದ ಮಕ್ಕಳನ್ನು ಮುಂದೆ ಬಿಟ್ಟುಕೊಂಡು, ಅವಸರದಿಂದ ರಸ್ತೆ ದಾಟಿದಳು. ರಿಕ್ಷಾ ನಿಲ್ಲಿಸಿದಳು.

“ಶೆಡ್ಡಿಗೆ ಹೋಗಬ್ಯಾಡವಾ. ವಿಮಾನ ನಗರದಾಗ ನನ್ನ ತಂಗಿ ಮನಿ ಅದ. ಇನ್ನ ಎಲ್ಲಾರೂ ಅಲ್ಲೇ ಇರೂಣು.”

ಅವ್ವಮ್ಮ ಕಕ್ಕಾಬಿಕ್ಕಿಯಾಗಿ ನಿಂತಳು. “ಯಾಕ್ರೀ ಅಕ್ಕಾರ? ನಾ ಏನ್ ತಪ್ಪ ಮಾತಾಡೀನ್ರೀ? ‘ಯಾರದೂ ತಪ್ಪಿಲ್ಲ, ನನ್ನ ಗಂಡ ತಾನ ಇಳಿದಾನ’ ಅಂತ ನಿಮ್ಮ ಯಜಮಾನ್ರು ಮಧುಕರ ಸಾಹೇಬ್ರು ಮುಕಾದಮನ ಕೈಲೆ ಕಲಿಸಿಕೊಟ್ಟಷ್ಟ ಹೇಳೀನಲ್ರೀ!”