ವರಸೆ

ಭವಿತ್ ಹಾಸ್ಟೆಲ್ಲಿಗೆ ಬಂದು ಬ್ಯಾಗು ಕೆಳಗಿಡುವ ಮೊದಲೇ ಅವನ ಕೆನ್ನೆಗೆ ಪೆಟ್ಟು ಬಿತ್ತು. ಹೊಡೆದವನು ನಿರಂಜನ್, ಎರಡನೇ ವರ್ಷದ ಬಿ.ಕಾಂ. ತಪ್ಪು ಭವಿತ್‌ನದೇ ಎಂದು ಎಲ್ಲರೂ ಒಪ್ಪಿದರು. ಸೀನಿಯರ್ ಎದುರು ತಲೆ ತಗ್ಗಿಸಿ ನಿಲ್ಲುವುದು ಬಿಟ್ಟು, ಸಂಪಾಜೆಯಿಂದ ಬಂದ ಈ ಹೊಸ ಹುಡುಗ ನೇರವಾಗಿ ಮುಖ ನೋಡಿ ನಕ್ಕಿದ್ದ.

"ಅಮ್ಮತ್ತಿಯ ನಿರಂಜನ್ ನೀನೇ ಅಲ್ವಾ? ಅಮ್ಮ ಹೇಗಿದ್ದಾರೆ?"

'ನೀನು' ಎಂದದ್ದೇ ಸಾಕಿತ್ತು. ಅದರ ಮೇಲೆ ಅಮ್ಮನ ಸುದ್ದಿ ಬೇರೆ. ನಿರಂಜನನ ಕೈ ತಾನಾಗಿಯೇ ಬೀಸಿತು.

ಮಡಿಕೇರಿಯ ಆ ಹಾಸ್ಟೆಲ್ಲಿನಲ್ಲಿ ಲೆಕ್ಕ ಸರಳ. ಮೊದಲ ವರ್ಷ ಪೆಟ್ಟು ತಿನ್ನಬೇಕು, ಎರಡನೇ ವರ್ಷ ಬಡಿಸಬೇಕು. ಕಳೆದ ವರ್ಷ ನಿರಂಜನನೂ ತಿಂದಿದ್ದ. ಬಚ್ಚಲಿನ ಗೋಡೆಗೆ ಮುಖ ಉಜ್ಜಿಸಿಕೊಂಡು ಮುಂದಿನ ಹಲ್ಲಿನ ಚೂರೊಂದನ್ನು ಕಳೆದುಕೊಂಡಿದ್ದ. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಅಮ್ಮ ಮಾಲತಿ ಅಮ್ಮತ್ತಿಯಲ್ಲಿ ಬಟ್ಟೆ ಹೊಲಿದು ಮಗನನ್ನು ಓದಿಸುತ್ತಿದ್ದಳು. ಅಪ್ಪ ತೀರಿಹೋಗಿದ್ದ. ಪ್ರೀತಿಸಿ ಮದುವೆಯಾದವರ ಆ ಮನೆಗೆ ನೆಂಟರೆಂಬವರು ಕಾಲಿಟ್ಟದ್ದೇ ಇಲ್ಲ. ತನ್ನ ಮಗ ಇರುವೆಗೂ ನೋವು ಮಾಡದವನು ಎಂದು ಮಾಲತಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಆ ನಂಬಿಕೆ ಒಡೆದರೆ ತನಗೆ ಈ ಲೋಕದಲ್ಲಿ ಇನ್ಯಾರೂ ಉಳಿಯುವುದಿಲ್ಲ ಎಂದು ನಿರಂಜನನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ.

ಅದೇ ಸಂಜೆ ಹೊಸಬರನ್ನೆಲ್ಲ ಅವನ ರೂಮಿನಲ್ಲಿ ಸಾಲಾಗಿ ನಿಲ್ಲಿಸಿದರು. "ಕಾಲು ಹಿಡಿರಿ, ಬಿಡ್ತೇನೆ" ಎಂದ ನಿರಂಜನ್. ಶಿರಂಗಾಲದ ಅಶೋಕ್ ಮಾತು ಮುಗಿಯುವ ಮೊದಲೇ ಹಿಡಿದಿದ್ದ. ಉಳಿದವರೂ ಹಿಡಿದರು. ಭವಿತ್ ಮಾತ್ರ ಕದಲಲಿಲ್ಲ.

"ಬೇರೆ ಎಂತ ಬೇಕಾದ್ರೂ ಹೇಳು, ಮಾಡ್ತೇನೆ. ಬಟ್ಟೆ ಒಗೆದು ಕೊಡ್ಲಾ? ಕಾಲು ಮಾತ್ರ ಹಿಡಿಲಿಕ್ಕೆ ಆಗುದಿಲ್ಲ. ವರಸೆ ತಪ್ತದೆ."

ರೂಮೆಲ್ಲ ಗೊಳ್ಳೆಂದಿತು.

"ಓಹೋ, ವರಸೆ ಬೇರೆ ಕಲಿತಿದ್ದಾನೆ ಸಾಹೇಬ! ಎಂತದೋ ಅದು, ಕರಾಟೆಯಾ, ಕುಸ್ತಿಯಾ? ತೋರಿಸು ನೋಡುವ."

ನಿರಂಜನ್ ಅವನ ಹೊಟ್ಟೆಗೆ ಒದ್ದ. ಭವಿತ್ ಮುದುಡಿ ಕುಸಿದ. ಕಾಫಿ ಮೂಟೆ ಹೊತ್ತು ಬೆಳೆದ ಮೈ ಅವನದು. ಆ ತೋಳು ಒಮ್ಮೆ ಬೀಸಿದರೆ ನಿರಂಜನ್ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಬೀಸಲಿಲ್ಲ.

"ಕೈ ಎತ್ತೋ, ಗಂಡಸಾದ್ರೆ!"

"ನಿನ್ನ ಮೇಲಾ? ಛೇ" ಎಂದ ಭವಿತ್, ಹೊಟ್ಟೆ ಹಿಡಿದುಕೊಳ್ಳುತ್ತ.

ಆ 'ಛೇ' ನಿರಂಜನನ ನೆತ್ತಿಗೇರಿತು. ಅಂದಿನಿಂದ ಅದೊಂದು ಚಟವಾಯಿತು. ಬೆಲ್ಟಿನಿಂದ ಹೊಡೆದ. ಬಾಗಿಲ ಸಂದಿಗೆ ಅವನ ಬೆರಳಿಟ್ಟು ಅದುಮಿದ. ಒಂದು ದಿನ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ವಾರ್ಡನ್ ಕೇಳಿದರೆ ಭವಿತ್‌ನ ಉತ್ತರ ಒಂದೇ: "ಬಚ್ಚಲಲ್ಲಿ ಜಾರಿದೆ ಸಾರ್." ಹುಡುಗ ಕಾಲೇಜಿಗೆ ಒಗ್ಗಿಕೊಂಡ ಎಂದೇ ಹೇಳಬೇಕು. ಮೆಸ್ಸಿನ ನೀರು ಸಾರಿಗೆ ಒಗ್ಗಿದ, ಇಂಗ್ಲಿಷ್ ಪಾಠಕ್ಕೆ ಒಗ್ಗಿದ, ಒದೆಗೂ ಒಗ್ಗಿದ.

ಒಗ್ಗದೆ ಹೋದವನು ನಿರಂಜನ್. ಇವನೇಕೆ ದೂರು ಕೊಡುತ್ತಿಲ್ಲ? ಸಂಜೆಯಾದರೆ ಭವಿತ್ ಗೇಟಿನ ಬಳಿ ಫೋನ್ ಹಿಡಿದು ಅಂಗಲಾಚುವುದು ಕೇಳುತ್ತಿತ್ತು. "ಒಂದು ಸಲ ಬನ್ನಿ ಅಪ್ಪಾ. ನೀವೇ ಬಂದು ಕಣ್ಣಾರೆ ನೋಡಿ. ಎಷ್ಟು ದಿನ ಅಂತ ಸಹಿಸುದು?"

"ಮನೆಯವರನ್ನು ಕರೆಸ್ತಿದ್ದಾನೆ, ಹುಷಾರು ಮಾರಾಯ" ಎಂದ ರೂಮ್‌ಮೇಟ್ ತೀರ್ಥಪ್ರಸಾದ್. "ಸುಮ್ಮನಿರುವವನು ಇಕ್ಕುವಾಗ ಸರಿಯಾಗಿ ಇಕ್ತಾನೆ."

ನಿರಂಜನ್ ಹಾಕಿ ಸ್ಟಿಕ್ಕನ್ನು ಮಂಚದ ಪಕ್ಕಕ್ಕೆ ತಂದಿಟ್ಟುಕೊಂಡ.

ಭಾನುವಾರ ಅಮ್ಮನ ಫೋನ್ ಬಂತು.

"ನಿಮ್ಮ ಕಾಲೇಜಿನ ಭವಿತ್ ಮನೆಗೆ ಬಂದಿದ್ದಾನೆ. ಮುಖ ಎಲ್ಲ ಬಾತಿದೆ ಕಣೋ. ಯಾರು ಹೊಡೆದದ್ದು ಅಂದ್ರೆ ಹೇಳುದಿಲ್ಲ. ನೀನು ಈಗಲೇ ಬಾ, ಫೋನಲ್ಲಿ ಹೇಳ್ಲಿಕ್ಕೆ ಆಗುದಿಲ್ಲ ನಂಗೆ..."

ಅಳು ಉಕ್ಕಿತು. ಫೋನ್ ಕಟ್ಟಾಯಿತು.

ಅಂತೂ ಇಕ್ಕಿಯೇಬಿಟ್ಟ! ಪ್ರಿನ್ಸಿಪಾಲರ ಬಳಿ ಹೋಗದೆ, ಪೊಲೀಸರ ಬಳಿ ಹೋಗದೆ, ನೇರವಾಗಿ ಅಮ್ಮನ ಬಳಿ ಹೋಗಿದ್ದ. ನಿರಂಜನನಿಗೆ ಭಯವಾಯಿತು. ಭಯ ಸಿಟ್ಟಿಗೆ ತಿರುಗಿತು. ಹಾಕಿ ಸ್ಟಿಕ್ಕನ್ನು ತೀರ್ಥಪ್ರಸಾದನ ಬೈಕಿಗೆ ಸಿಕ್ಕಿಸಿ ಹೊರಟ. ಚೆಟ್ಟಳ್ಳಿಯ ತಿರುವುಗಳಲ್ಲಿ ಬ್ರೇಕು ಹಿಡಿಯಲೇ ಇಲ್ಲ.

ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಮೆಟ್ಟಿಲ ಮೇಲೆ ಭವಿತ್‌ನ ಚಪ್ಪಲಿ. ಒಳಗಿನಿಂದ ಅಮ್ಮನ ಅಳು.

"ಬಿಡು! ಸಾಕು, ಬಿಡು! ಕಾಲು ಬಿಡೋ!"

ನಿರಂಜನ್ ಬಾಗಿಲಿಗೆ ಒದ್ದು ನುಗ್ಗಿದ. ಅಮ್ಮ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು. ಭವಿತ್ ನೆಲಕ್ಕೆ ಬಿದ್ದು ಅವಳ ಎರಡೂ ಪಾದಗಳನ್ನು ಬಿಗಿಯಾಗಿ ಹಿಡಿದಿದ್ದ.

ಸ್ಟಿಕ್ಕಿನ ಮೊದಲ ಪೆಟ್ಟು ಹೆಗಲಿಗೆ ಬಿತ್ತು. ಎಲುಬು ಮುರಿದ ಸದ್ದು ಕೇಳಿಸಿತು. ಎರಡನೆಯದಕ್ಕೆ ಎತ್ತಿದಾಗ ಭವಿತ್ ತಿರುಗಿ ನೋಡಿದ. ಆಗಲೂ ಕೈ ಅಡ್ಡ ಹಿಡಿಯಲಿಲ್ಲ. ಪೆಟ್ಟು ಕಿವಿಯ ಮೇಲೆ ಇಳಿಯಿತು. ಮೂರನೆಯದು ಬೇಕಾಗಲಿಲ್ಲ.

ಕಾವಿ ನೆಲದ ಮೇಲೆ ರಕ್ತ ಹರಿಯತೊಡಗಿತು.

"ಅಮ್ಮ, ನಿಂಗೆ ಏನೂ ಮಾಡ್ಲಿಲ್ಲ ತಾನೆ ಇವ?" ನಿರಂಜನ್ ಏದುಸಿರು ಬಿಡುತ್ತಿದ್ದ.

ಮಾಲತಿ ಭವಿತ್‌ನ ಒಡೆದ ತಲೆಯನ್ನು ಮಡಿಲಿಗೆಳೆದುಕೊಂಡು, ಸೆರಗು ಒತ್ತಿ, ಕೆನ್ನೆ ತಟ್ಟಿದಳು. ಮತ್ತೆ ತಟ್ಟಿದಳು. ಆಮೇಲೆ ಮಗನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

"ಅಪ್ಪನ ಸಿಟ್ಟು ಇಳಿದಿದೆ, ಮನೆಗೆ ಬಾ ಅಕ್ಕಾ ಅಂತ ಕಾಲಿಗೆ ಬಿದ್ದು ಕರೀತಿದ್ದ ಕಣೋ... ನಾನು ಮನೆ ಬಿಟ್ಟ ಮೇಲೆ ಹುಟ್ಟಿದ ನನ್ನ ತಮ್ಮ, ನಿನ್ನ ಸೋದರಮಾವ!"