ಬೀರುವಿನ ಆಚೆ ಪೂರ್ವ

"ಸಾರ್, ಪೂರ್ವದವರು ಮತ್ತೆ ನಿಮ್ಮ ಹತ್ರಾನೇ ಕಳಿಸಿದ್ರು," ಎನ್ನುತ್ತ ಆ ಹುಡುಗಿ ಮೂರನೆಯ ಸಲ ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳ ಕೈಯಲ್ಲಿದ್ದ ಸಂಶೋಧನೆಯ ಅರ್ಜಿಗೆ ಸಂಜೆ ಕಚೇರಿ ಮುಚ್ಚುವುದರೊಳಗೆ ಒಬ್ಬ ಗೈಡಿನ ಸಹಿ ಬೀಳಬೇಕು. ಬೀಳದಿದ್ದರೆ ಸೀಟು ಕೈಬಿಟ್ಟು ಹೋದಂತೆ.

ಪೂರ್ವದವರು ಎಂದರೆ ದೂರದವರೇನಲ್ಲ, ನನ್ನ ಬೆನ್ನ ಹಿಂದಿನ ಕಬ್ಬಿಣದ ಬೀರುವಿನ ಆಚೆ ಕೂರುವವರು. ಬೀರುವಿನ ಈಚೆ ಪಶ್ಚಿಮ ಇತಿಹಾಸ ವಿಭಾಗ, ಅದಕ್ಕೆ ನಾನು ಮುಖ್ಯಸ್ಥ. ಆಚೆ ಪೂರ್ವ ಇತಿಹಾಸ ವಿಭಾಗ, ಅದಕ್ಕೆ ನನ್ನ ಹೆಂಡತಿಯ ಅಕ್ಕನ ಗಂಡ ಮುಖ್ಯಸ್ಥರು. ಮನೆಯಲ್ಲಿ ಷಡ್ಡಕರು, ಇಲ್ಲಿ ಹಾವು ಮುಂಗುಸಿ. ಎರಡೂ ವಿಭಾಗಗಳಲ್ಲಿ ಮುಖ್ಯಸ್ಥರನ್ನು ಬಿಟ್ಟರೆ ಬೇರೆ ಯಾರೂ ಇಲ್ಲ, ಆ ಮಾತು ಬೇರೆ.

ಹುಡುಗಿ ಆರಿಸಿಕೊಂಡಿದ್ದ ವಿಷಯ, ಜಗತ್ತನ್ನು ಪೂರ್ವ ಪಶ್ಚಿಮ ಎಂದು ಮೊದಲು ಒಡೆದವರು ಯಾರು, ಯಾಕೆ ಎನ್ನುವುದು. ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇಂಥ ಚುರುಕಿನ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ. ಅವಳಿಗೆ ಗೈಡ್ ಆಗಬೇಕೆಂದು ನಿಜಕ್ಕೂ ಆಸೆಯಿತ್ತು. ಆಸೆಯಿದ್ದರೆ ಸಾಕೆ? ಬೀರುವಿನ ಆಚೆಯ ವಿಷಯಕ್ಕೆ ಈಚೆಯವರು ಸಹಿ ಹಾಕುವಂತಿಲ್ಲ ಎಂಬ ನಿಯಮವಿದೆ. ಮಾಡಿದವರು ನಾವೇ.

"ನೋಡಮ್ಮ, ನಿನ್ನ ಮೊದಲ ಅಧ್ಯಾಯ ಗ್ರೀಕರದು ತಾನೆ?"

"ಹೌದು ಸಾರ್. ಸಮುದ್ರದ ಈ ದಡಕ್ಕೆ ಯುರೋಪ್ ಅಂದ್ರು, ಆ ದಡಕ್ಕೆ ಏಷ್ಯಾ ಅಂದ್ರು. ಆಮೇಲೆ ಈ ದಡದವರು ಶೂರರು, ಆ ದಡದವರು ಮೆತ್ತನೆಯವರು ಅಂತ ಬರೆದಿಟ್ರು."

"ಸರಿ. ಈ ದಡ ನಂದು. ಆ ದಡ ಅವರದು, ಅದನ್ನ ಬಿಟ್ಟುಬಿಡು."

"ನಡುವಿನ ಸಮುದ್ರ ಸಾರ್?"

"ನಡುವಿಗೆಲ್ಲ ಗೈಡ್ ಸಿಗಲ್ಲಮ್ಮ."

ಎಷ್ಟು ಚೆನ್ನಾಗಿ ಹೇಳಿದೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಹುಡುಗಿ ಬಿಡಲಿಲ್ಲ. "ಆಮೇಲೆ ರೋಮಿನ ಚಕ್ರವರ್ತಿ ಸತ್ತಾಗ ರಾಜ್ಯ ಮಕ್ಕಳಿಗೆ ಹಂಚಿಹೋಯ್ತು ಸಾರ್, ದೊಡ್ಡವನಿಗೆ ಪೂರ್ವ, ಚಿಕ್ಕವನಿಗೆ ಪಶ್ಚಿಮ. ಮುಂದೆ ಎರಡೂ ಕಡೆ ಪಾದ್ರಿಗಳು ಪ್ರಾರ್ಥನೆಯ ರೊಟ್ಟಿಗೆ ಹುಳಿ ಹಾಕ್ಬೇಕೋ ಬೇಡ್ವೋ ಅಂತ ಜಗಳ ಆಡಿ ಮುಖ ತಿರುಗಿಸ್ಕೊಂಡ್ರು."

"ಚಿಕ್ಕ ಮಗ ನನಗೆ, ದೊಡ್ಡವನು ಅವರಿಗೆ. ಹುಳಿ ಹಾಕದ ರೊಟ್ಟಿಯೂ ನಂದೇ. ಇನ್ನರ್ಧ ಹೊಡೆದು ಹಾಕು, ಈಗಲೇ ಸಹಿ ಮಾಡ್ತೀನಿ."

"ಅವರೂ ಅದನ್ನೇ ಅಂದ್ರು, ನಿಮ್ಮ ಅರ್ಧ ಹೊಡೆದು ಹಾಕು ಅಂತ." ಅವಳ ಕಣ್ಣಲ್ಲಿ ನೀರು ತುಂಬಿತು. "ಜಗಳಕ್ಕೆ ಇಬ್ರೂ ಬೇಕಲ್ವಾ ಸಾರ್? ಒಬ್ಬರನ್ನೇ ಇಟ್ಕೊಂಡು ಹೇಗೆ ಬರೀಲಿ?"

ಪ್ರಶ್ನೆ ಕಷ್ಟವಾದಾಗ ಮೇಷ್ಟ್ರುಗಳು ಮಾಡುವಂತೆ ಕನ್ನಡಕ ತೆಗೆದು ಒರೆಸತೊಡಗಿದೆ. ಅಷ್ಟರಲ್ಲಿ ಅವಳೇ, "ಹೋಗ್ಲಿ ಸಾರ್, ಈ ವಿಭಾಗ ಯಾಕೆ ಎರಡಾಯ್ತು?" ಎಂದಳು.

"ಅದು ವಿದ್ವತ್ತಿನ ದೃಷ್ಟಿಯಿಂದಮ್ಮ..."

"ಸುಳ್ಳು!" ಬೀರುವಿನ ಆಚೆಯಿಂದ ಷಡ್ಡಕರ ದನಿ ಸಿಡಿಯಿತು. "ಕಿಟಕಿಗೋಸ್ಕರ ಅನ್ರೀ! ಇರೋದು ಒಂದೇ ಕಿಟಕಿ. ಅಲ್ಲಿ ನಾನು ಕೂತೆ ಅಂತ ಇವರಿಗೆ ಹೊಟ್ಟೆಯುರಿ."

"ಅಲ್ಲಿ ಮೊದಲು ಕುರ್ಚಿ ಹಾಕಿದ್ದು ನಾನು! ನೆಗಡಿ ಅಂತ ರಜೆ ಹಾಕಿ ಬರೋಷ್ಟರಲ್ಲಿ ನೀವು ಬಂದು ಕೂತ್ರಿ."

"ಬೀರು ಎಳೆದು ಅಡ್ಡ ಇಟ್ಟೋರು ಯಾರು?"

"ಗಾಳಿ ನಿಮಗೆ, ಸೆಕೆ ನನಗೆ! ಇನ್ನೇನು ಮಾಡ್ಬೇಕಿತ್ತು?"

ಇತಿಹಾಸವೆಂದರೆ ಇಷ್ಟೇ. ಕಿಟಕಿ ಸೂರ್ಯ ಹುಟ್ಟುವ ಕಡೆಗಿತ್ತು, ಹಾಗಾಗಿ ಅಲ್ಲಿ ಕೂತವರು ಪೂರ್ವದ ಪಂಡಿತರಾದರು. ಗೋಡೆ ಸಿಕ್ಕಿದ ನಾನು ಪಶ್ಚಿಮದ ಪಂಡಿತನಾದೆ. ನಾನು ಓದಿ ಪದವಿ ಪಡೆದದ್ದು ಚೀನಾದ ಇತಿಹಾಸದಲ್ಲಿ, ಅವರು ಫ್ರಾನ್ಸಿನದರಲ್ಲಿ. ಅದು ನಮಗಿಬ್ಬರಿಗೂ ಈಗ ನೆನಪಿಲ್ಲ.

ಮಾತಿಗೆ ಮಾತು ಬೆಳೆಯಿತು. ಅವರು ಕುರ್ಚಿ ಹತ್ತಿ ಬೀರುವಿನ ಮೇಲಿನಿಂದ ತಲೆ ಹಾಕಿದರು. ನಾನೇನು ಕಡಿಮೆ, ನಾನೂ ಹತ್ತಿದೆ. ನಡುವೆ ಧೂಳು ಹಿಡಿದ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಆಚೆ ಈಚೆ ನಮ್ಮ ಎರಡು ಬೋಳು ತಲೆ. ನೆಗಡಿಯಿಂದ ಹಿಡಿದು ಅವರ ಮಗಳ ಮದುವೆಯಲ್ಲಿ ನನಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟದ್ದರವರೆಗೆ ಎಲ್ಲ ಹೊರಬಂತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಕೂಸು ಅಷ್ಟು ಹೊತ್ತು ಕಾಯಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ಕೆಳಗೆ ನೋಡಿದರೆ ಅವಳಿರಲಿಲ್ಲ.

"ನಿಮ್ಮಿಂದಾನೇ ಹೋದಳು," ಎಂದರು ಅವರು. "ನಿಮ್ಮಿಂದ," ಎಂದೆ ನಾನು. ಆದರೆ ನನ್ನ ದನಿಯಲ್ಲಿ ಕಸುವಿರಲಿಲ್ಲ. ಒಂದು ಸಹಿ, ಅಷ್ಟೇ. ಹಾಕಿಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದುಕೊಳ್ಳುತ್ತ ಕುರ್ಚಿಯಿಂದ ಕೆಳಗಿಳಿದೆ.

ಕಚೇರಿ ಮುಚ್ಚುವ ಹೊತ್ತಿಗೆ ಹುಡುಗಿ ಮತ್ತೆ ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖ ಅರಳಿತ್ತು. "ಸೀಟು ಉಳೀತು ಸಾರ್. ಹೇಳಿ ಹೋಗೋಣ ಅಂತ ಬಂದೆ. ಭೂಗೋಳದ ಮೇಡಂ ಗೈಡ್ ಆಗೋಕೆ ಒಪ್ಪಿದ್ರು."

"ಅವರಿಗೇನು ಗೊತ್ತು ಇತಿಹಾಸ?" ನಾನೂ ಷಡ್ಡಕರೂ ಒಂದೇ ಉಸಿರಿನಲ್ಲಿ ಕೇಳಿದೆವು. ಬೀರು ಬಂದ ಮೇಲೆ ನಾವಿಬ್ಬರು ಒಪ್ಪಿಕೊಂಡ ಮೊದಲ ಮಾತು ಅದು.

"ಗೊತ್ತಿಲ್ಲ ಅಂತ ಅವರೇ ಅಂದ್ರು ಸಾರ್, ನೀನು ಬರೀತಾ ಹೋಗು, ನಾನೂ ಕಲೀತೀನಿ ಅಂದ್ರು," ಎಂದು ಹುಡುಗಿ ಕೈ ಮುಗಿದಳು. "ಆದ್ರೆ ಅವರ ಕೋಣೆಯಲ್ಲಿ ಭೂಮಿಯನ್ನ ಯಾರೂ ಒಡೆದಿಲ್ಲವಂತೆ, ಇನ್ನೂ ಗುಂಡಗೇ ಇದೆಯಂತೆ."